ಬಿರುಗಾಳಿ ಬಂದರೆ ಪಟ್ಟಿ ತುಂಬುತ್ತಾ, ಖಾಲಿಯಾಗುತ್ತಾ?

ಈ ತಿಂಗಳ ಪತ್ರಗಳಲ್ಲಿ ಬರೀ ಸೂರ್ಯನದೇ ಗಲಾಟೆ. 2024ರ ಮೇ ತಿಂಗಳಲ್ಲಿ ಆ ದೊಡ್ಡ ಭೂಕಾಂತ ಬಿರುಗಾಳಿ (ಸೂರ್ಯನ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡುವುದು) ಬಂದು ಹೋದಾಗಿನಿಂದ ಅರೋರಾ (ಧ್ರುವಗಳ ಕಡೆ ಆಕಾಶದಲ್ಲಿ ಹೊತ್ತುವ ಬಣ್ಣದ ಬೆಳಕು), ಉಪಗ್ರಹ, ವಿಕಿರಣ ಪಟ್ಟಿ (ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿಬಿದ್ದ ವೇಗದ ಕಣಗಳು ಸುತ್ತುವ ಜಾಗ) ಅಂತ ಪ್ರಶ್ನೆಗಳು ಬರುತ್ತಲೇ ಇವೆ. ಒಂದೊಂದಕ್ಕೂ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುವ ಬದಲು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಬೇರೆ ವಿಷಯ ಕೇಳಿದವರು ಒಂದು ತಿಂಗಳು ಕಾಯಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಬಾಹ್ಯಾಕಾಶದ ಸದ್ದು ಅಂತ ಒಂದು ಆಡಿಯೋ ಕೇಳಿದೆ. ಬೆಳಗಿನ ಜಾವ ಹಕ್ಕಿಗಳು ಕೂಗಿದ ಹಾಗೇ ಇತ್ತು. ಗಾಳಿಯೇ ಇಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ಯಾರೋ ಸುಮ್ನೆ ಕಟ್ಟಿದ್ದು ಅಲ್ವಾ?

ಉತ್ತರ: ಕಟ್ಟಿದ್ದಲ್ಲ. ಹಾಗಂತ ಅದು ಸದ್ದೂ ಅಲ್ಲ. ರೇಡಿಯೋ ಅಲೆಯ ಜಾತಿಗೇ ಸೇರಿದ ವಿದ್ಯುತ್ಕಾಂತೀಯ ಅಲೆ ಅದು, ಪ್ಲಾಸ್ಮಾದಲ್ಲಿ ಹುಟ್ಟಿ ಪ್ಲಾಸ್ಮಾದಲ್ಲೇ ಓಡಾಡುವಂಥದ್ದು. ಪ್ಲಾಸ್ಮಾ ಅಂದರೆ ಪರಮಾಣು ಒಡೆದು ಎಲೆಕ್ಟ್ರಾನ್ ಒಂದು ಕಡೆ, ಅಯಾನ್ ಒಂದು ಕಡೆ ಆಗಿ ಅಲೆಯುವ ಅನಿಲ. ನಮ್ಮ ತಲೆಯ ಮೇಲೆ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಅದೇ, ತುಂಬಾ ತೆಳುವಾಗಿ.

ಮಜಾ ಏನು ಅಂದರೆ, ಈ ಅಲೆ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಕೇಳುವ ಸದ್ದುಗಳ ಕಂಪನವೂ ಇದೇ ಅಳತೆಯದು. ಹಾಗಾಗಿ ಉಪಗ್ರಹದ ಆಂಟೆನಾಗೆ ಸಿಕ್ಕ ಸಿಗ್ನಲ್ ಅನ್ನು ಹಾಗೇ ತಂದು ಸ್ಪೀಕರಿಗೆ ಕೊಟ್ಟರೆ ಸಾಕು, ಚಿಲಿಪಿಲಿ ಶುರು. ಒಂದೊಂದು ಕೂಗು ಅರೆ ಸೆಕೆಂಡೂ ಇರುವುದಿಲ್ಲ, ಸ್ವರ ಕೆಳಗಿಂದ ಮೇಲಕ್ಕೆ ಏರುತ್ತದೆ, ಅದು ಮುಗಿಯುವ ಮೊದಲೇ ಇನ್ನೊಂದು ಎದ್ದಿರುತ್ತದೆ. ಅದಕ್ಕೇ ಇದರ ಹೆಸರು ಕೋರಸ್. ಇನ್ನೂ ಮಜಾ ಅಂದರೆ ಇದು ಜಾಸ್ತಿ ಸಿಗುವುದು ಭೂಮಿಯ ಮಧ್ಯರಾತ್ರಿಯ ಕಡೆಯಿಂದ ಬೆಳಗಿನ ಕಡೆಯವರೆಗೆ, ಥೇಟ್ ಹಕ್ಕಿಗಳ ಹಾಗೇ. ಅದು ಕಾಕತಾಳೀಯ ಅಷ್ಟೇ, ಅದಕ್ಕೆ ಬೇರೆ ಅರ್ಥ ಕಟ್ಟಬೇಡಿ.

ಇದಕ್ಕೊಬ್ಬ ಅಣ್ಣ ಇದ್ದಾನೆ, ವಿಸ್ಲರ್ ಅಂತ. ಸಿಡಿಲಿನಿಂದ ಹುಟ್ಟುವ ಅಲೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಫೋನ್ ಮಾತು ಕದ್ದು ಕೇಳುತ್ತಿದ್ದ ಜರ್ಮನ್ನರ ಕಿವಿಗೆ ನಡುನಡುವೆ ಮೇಲಿಂದ ಕೆಳಕ್ಕೆ ಜಾರುವ ಒಂದು ಸಿಳ್ಳೆ ಬೀಳುತ್ತಿತ್ತು. ಗ್ರೆನೇಡ್ ಹಾರುವುದು ಕೇಳಿಸ್ತಿದೆ ಅಂತ ಸೈನಿಕರು ಹೇಳಿಕೊಳ್ಳುತ್ತಿದ್ದರಂತೆ. ಸಿಡಿಲಿನ ಅಲೆ ಭೂಮಿಯ ಕಾಂತರೇಖೆ ಹಿಡಿದು ಬಾಹ್ಯಾಕಾಶಕ್ಕೆ ಹೋಗಿ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ, ದಾರಿಯಲ್ಲಿ ಮೇಲಿನ ಸ್ವರ ಮುಂದೆ, ಕೆಳಗಿನ ಸ್ವರ ಹಿಂದೆ ಬೀಳುತ್ತದೆ ಅಂತ ಓವನ್ ಸ್ಟೋರಿ ಅನ್ನುವ ವಿಜ್ಞಾನಿ 1953ರಲ್ಲಿ ವಿವರಿಸಿದ ಮೇಲೆಯೇ ಅದರ ಗುಟ್ಟು ರಟ್ಟಾಗಿದ್ದು.

ಪ್ರಶ್ನೆ: ವಿಕಿರಣ ಪಟ್ಟಿ ಅಂದರೆ ಶನಿಗ್ರಹದ ಬಳೆ ಥರವಾ? ಅಲ್ಲಿಗೆ ಎಲೆಕ್ಟ್ರಾನ್ ಹೋಗಿ ಸಿಕ್ಕಿಹಾಕಿಕೊಳ್ಳುವುದು ಹೇಗೆ?

ಉತ್ತರ: ಬಳೆ ಅಲ್ಲ, ಉದ್ದಿನ ವಡೆ ಅಂದುಕೊಳ್ಳಿ. ನಡುವಿನ ತೂತಿನಲ್ಲಿ ಭೂಮಿ. ಇಂಥ ಎರಡು ವಡೆ, ಒಂದರೊಳಗೆ ಒಂದು. ಒಳಗಿನದರಲ್ಲಿ ಪ್ರೋಟಾನುಗಳ ದರ್ಬಾರು, ಅದು ಹೆಚ್ಚು ಅಲ್ಲಾಡುವುದಿಲ್ಲ. ಹೊರಗಿನದು ಎಲೆಕ್ಟ್ರಾನುಗಳದು, ಭೂಮಿಯ ಕೇಂದ್ರದಿಂದ ಸುಮಾರು 3ರಿಂದ 7 ಭೂತ್ರಿಜ್ಯದವರೆಗೆ. ಈ ಹೊರಗಿನ ಪಟ್ಟಿ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಎರಡರ ನಡುವೆ ಒಂದು ಖಾಲಿ ಓಣಿ ಇದೆ, ಅದು ಯಾಕೆ ಖಾಲಿ ಅಂತ ಮುಂದೆ ಹೇಳುತ್ತೇನೆ.

ಇವು ಗೊತ್ತಾಗಿದ್ದು 1958ರಲ್ಲಿ. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1ರಲ್ಲಿ ಜೇಮ್ಸ್ ವ್ಯಾನ್ ಅಲೆನ್ ಅನ್ನುವ ವಿಜ್ಞಾನಿ ಒಂದು ಗೈಗರ್ ಕೌಂಟರ್, ಅಂದರೆ ವಿಕಿರಣದ ಕಣ ಎಣಿಸುವ ಸಲಕರಣೆ, ಇಟ್ಟಿದ್ದರು. ಮೇಲೆ ಹೋದಂತೆ ಅದು ಟಿಕ್ ಟಿಕ್ ಅನ್ನುವುದನ್ನೇ ನಿಲ್ಲಿಸಿ ಸೊನ್ನೆ ತೋರಿಸಿತು. ಕೆಟ್ಟುಹೋಯಿತು ಅಂದುಕೊಳ್ಳಬೇಕು ತಾನೇ? ಕಣಗಳು ಇಲ್ಲದೆ ಅಲ್ಲ, ವಿಪರೀತ ಇದ್ದು ಕೌಂಟರ್ ಉಸಿರು ಕಟ್ಟಿ ಕೂತಿತ್ತು. ಅದೇ ವರ್ಷ ಹೋದ ಎಕ್ಸ್‌ಪ್ಲೋರರ್ 3 ಅದನ್ನು ಖಚಿತ ಮಾಡಿತು.

ಸಿಕ್ಕಿಹಾಕಿಕೊಳ್ಳುವ ಬಗೆ ಗೊತ್ತಾಗಬೇಕಾದರೆ ಒಂದೇ ಒಂದು ಎಲೆಕ್ಟ್ರಾನನ್ನು ಹಿಂಬಾಲಿಸಿ. ಸುಮಾರು 36,000 ಕಿಲೋಮೀಟರ್ ಎತ್ತರ, ಟಿವಿ ಉಪಗ್ರಹಗಳು ಇರುವ ಜಾಗ. ಎಲೆಕ್ಟ್ರಾನಿನ ಶಕ್ತಿ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ ಇದು), ಅಂದರೆ ಬೆಳಕಿನ ವೇಗದ ಶೇ. 94ರಷ್ಟು ಓಟ. ಅದು ಕಾಂತರೇಖೆಯ ಸುತ್ತ ಸೆಕೆಂಡಿಗೆ ಸುಮಾರು ಸಾವಿರ ಸುತ್ತು ಹಾಕುತ್ತದೆ. ಹಾಗೆ ಸುತ್ತುತ್ತಲೇ ರೇಖೆ ಹಿಡಿದು ಉತ್ತರಕ್ಕೆ ಹೋಗಿ, ಕಾಂತಬಲ ಗಟ್ಟಿಯಾದ ಕಡೆ ತಿರುಗಿ ದಕ್ಷಿಣಕ್ಕೆ ಬರುತ್ತದೆ, ಒಂದು ಸೆಕೆಂಡಿನೊಳಗೆ ಹೋಗಿ ಬಂದಾಯಿತು. ಇದರ ಮೇಲೆ ನಿಧಾನವಾಗಿ ಪೂರ್ವದ ಕಡೆ ಸರಿಯುತ್ತಾ ಹತ್ತು ನಿಮಿಷದ ಆಸುಪಾಸಿನಲ್ಲಿ ಇಡೀ ಭೂಮಿಗೆ ಒಂದು ಪ್ರದಕ್ಷಿಣೆ. ಸುತ್ತು, ಓಲಾಟ, ಪ್ರದಕ್ಷಿಣೆ, ಈ ಮೂರನ್ನೂ ನೆನಪಿಟ್ಟುಕೊಳ್ಳಿ. ಯಾರೂ ಕೆಣಕದಿದ್ದರೆ ಅದು ಹೀಗೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿರುಗುತ್ತಾ ಇರಬಹುದು.

ಪ್ರಶ್ನೆ: ಭೂಕಾಂತ ಬಿರುಗಾಳಿ ಬಂದಾಗ ಪಟ್ಟಿಯಲ್ಲಿ ಎಲೆಕ್ಟ್ರಾನ್ ಜಾಸ್ತಿಯಾಗುತ್ತದೆ ಅಂತ ಒಂದು ಕಡೆ ಓದಿದೆ, ಖಾಲಿಯಾಗುತ್ತದೆ ಅಂತ ಇನ್ನೊಂದು ಕಡೆ. ಯಾವುದು ಸರಿ? ಇದರಲ್ಲಿ ಪ್ಲಾಸ್ಮಾ ಅಲೆಗಳ ಕೆಲಸ ಏನು?

ಉತ್ತರ: ಎರಡೂ ಸರಿ. ನುಣುಚಿಕೊಳ್ಳುವ ಉತ್ತರ ಅಲ್ಲ ಇದು. 2003ರಲ್ಲಿ ಜೆಫ್ರಿ ರೀವ್ಸ್ ಮತ್ತು ಸಂಗಡಿಗರು ಹಿಂದಿನ 276 ಬಿರುಗಾಳಿಗಳ ಲೆಕ್ಕ ತೆಗೆದು ನೋಡಿದರು. ಸುಮಾರು ಅರ್ಧದಷ್ಟರಲ್ಲಿ ಎಲೆಕ್ಟ್ರಾನ್ ಹೆಚ್ಚಿತ್ತು, ಐದರಲ್ಲೊಂದು ಭಾಗದಲ್ಲಿ ಕಡಿಮೆಯಾಗಿತ್ತು, ಮಿಕ್ಕವುಗಳಲ್ಲಿ ಅಂಥ ವ್ಯತ್ಯಾಸವೇ ಇಲ್ಲ. ಬಿರುಗಾಳಿ ದೊಡ್ಡದಾದರೆ ಎಲೆಕ್ಟ್ರಾನೂ ಜಾಸ್ತಿ ಅನ್ನುವ ಹಾಗೂ ಇರಲಿಲ್ಲ. ಯಾಕೆ ಅಂದರೆ ತುಂಬುವ ಕೆಲಸ, ಸೋರುವ ಕೆಲಸ ಎರಡೂ ಒಟ್ಟಿಗೇ ನಡೆಯುತ್ತವೆ. ನಾವು ನೋಡುವುದು ಕಳೆದು ಉಳಿದದ್ದನ್ನು.

ಮೊದಲು ಬಿರುಗಾಳಿ ಅಂದರೇನು ಅಂತ ಚುಟುಕಾಗಿ. ಸೂರ್ಯನಿಂದ ಸದಾ ಹರಿದು ಬರುವ ಪ್ಲಾಸ್ಮಾಕ್ಕೆ ಸೌರಗಾಳಿ ಅಂತಾರೆ, ಅದರ ಜೊತೆ ಕಾಂತಕ್ಷೇತ್ರವೂ ಬರುತ್ತದೆ. ಆ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಂಡು ಶಕ್ತಿಯನ್ನು ಒಳಗೆ ಸುರಿಯುತ್ತದೆ. ಕೆಲವು ಗಂಟೆ ಜೋರು, ಆಮೇಲೆ ಕೆಲವು ದಿನ ಸುಧಾರಿಸಿಕೊಳ್ಳುವ ಹೊತ್ತು.

ಜೋರಿನ ಹೊತ್ತಿನಲ್ಲಿ ಹೊರಪಟ್ಟಿ ಸಾಮಾನ್ಯವಾಗಿ ಖಾಲಿಯಾದಂತೆ ಕಾಣುತ್ತದೆ. ಒಂದು, ಸೌರಗಾಳಿಯ ಒತ್ತಡಕ್ಕೆ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರದ ಹಿಡಿತ ಇರುವ ಜಾಗದ) ಹೊರ ಅಂಚು ಒಳಕ್ಕೆ ಸರಿದು, ಅಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಎಲೆಕ್ಟ್ರಾನುಗಳ ದಾರಿಯೇ ತುಂಡಾಗಿ ಅವು ಹೊರಗೆ ಹಾರಿಹೋಗುತ್ತವೆ. ಇನ್ನೊಂದು ಬರೀ ಕಣ್ಕಟ್ಟು: ಭೂಮಿಯ ಸುತ್ತ ಹರಿಯುವ ವಿದ್ಯುತ್ ಪ್ರವಾಹ ಹೆಚ್ಚಿ ಒಳಗಿನ ಕಾಂತಬಲ ಕುಗ್ಗಿದಾಗ ಎಲೆಕ್ಟ್ರಾನುಗಳು ಹೊರಗೆ ಸರಿದು ಶಕ್ತಿ ಕಳೆದುಕೊಳ್ಳುತ್ತವೆ, ಬಿರುಗಾಳಿ ಇಳಿದ ಮೇಲೆ ಮತ್ತೆ ವಾಪಸ್. ಕಳೆದೂ ಹೋಗಿಲ್ಲ, ಹುಟ್ಟಿಯೂ ಇಲ್ಲ.

ಈಗ ಅಲೆಗಳ ಕಥೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇರುವುದು. ಬಿರುಗಾಳಿಯಲ್ಲಿ ರಾತ್ರಿ ಕಡೆಯಿಂದ ಎಲೆಕ್ಟ್ರಾನುಗಳ ಗುಂಪು ಗುಂಪೇ ಒಳಗೆ ನುಗ್ಗುತ್ತದೆ. ಅದರಲ್ಲಿ ಎರಡು ಥರದವು. ಕೆಲವು ಸಾವಿರ, ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟಿನ ಸಣ್ಣವರು, ಸಂಖ್ಯೆಯಲ್ಲಿ ಅಪಾರ. ಕೆಲವು ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಮಧ್ಯಮದವರು, ಕಡಿಮೆ ಜನ. ಸಣ್ಣವರು ಒಳಗೆ ಬಂದಾಗ ಅವರ ವೇಗ ಕಾಂತರೇಖೆಗೆ ಅಡ್ಡಡ್ಡ ಜಾಸ್ತಿ, ಉದ್ದಕ್ಕೆ ಕಡಿಮೆ ಇರುತ್ತದೆ. ಪ್ಲಾಸ್ಮಾಕ್ಕೆ ಈ ಏರುಪೇರು ಆಗಿಬರುವುದಿಲ್ಲ. ಹೆಚ್ಚಿನ ಶಕ್ತಿಯನ್ನು ಅಲೆಯಾಗಿ ಕಕ್ಕಿ ಸರಿಮಾಡಿಕೊಳ್ಳುತ್ತದೆ. ಆ ಕಕ್ಕಿದ್ದೇ ಕೋರಸ್. ಮಧ್ಯಮದವರು ಆ ಕೋರಸ್ಸಿನಿಂದ ಶಕ್ತಿ ಹೀರಿ ಒಂದೆರಡು ದಿನದಲ್ಲಿ ಹತ್ತಾರು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಏರುತ್ತಾರೆ. ಅಂದರೆ ಸಾವಿರಾರು ಬಡವರಿಂದ ಪುಡಿಗಾಸು ಎತ್ತಿ ಒಬ್ಬನನ್ನು ಸಾಹುಕಾರ ಮಾಡುವುದು. ದಲ್ಲಾಳಿ ಅಲೆ.

ಹೀರುವುದು ಹೇಗೆ? ಓಡುವ ಬಸ್ಸಿನ ಪಕ್ಕ ಅದೇ ವೇಗದಲ್ಲಿ ಓಡಿದರೆ ಮಾತ್ರ ಬಾಗಿಲ ಕಂಬಿ ಕೈಗೆ ಸಿಗುತ್ತದಲ್ಲ, ಹಾಗೆ. ಕೋರಸ್ ಅಲೆಯ ವಿದ್ಯುತ್ ಕ್ಷೇತ್ರ ತಿರುಗುತ್ತಾ ಸಾಗುತ್ತದೆ, ಎಲೆಕ್ಟ್ರಾನ್ ಸುತ್ತುವ ದಿಕ್ಕಿನಲ್ಲೇ. ಅಲೆ ಎದುರಿಗೆ ಬರುತ್ತಿದ್ದರೆ ಅದರ ಕಂಪನ ಎಲೆಕ್ಟ್ರಾನಿಗೆ ಹೆಚ್ಚಾಗಿ ಕಾಣುತ್ತದೆ, ಎದುರಿಗೆ ಬರುವ ರೈಲಿನ ಶಿಳ್ಳೆ ಕೀಚಲಾಗಿ ಕೇಳುವ ಹಾಗೆ. ಹಾಗೆ ಕಂಡ ಕಂಪನ ಎಲೆಕ್ಟ್ರಾನಿನ ಸುತ್ತುವ ಲೆಕ್ಕಕ್ಕೆ ಸರಿಯಾಗಿ ಕೂತುಬಿಟ್ಟರೆ, ಎಲೆಕ್ಟ್ರಾನಿನ ಪಾಲಿಗೆ ಅಲೆ ತಿರುಗುವುದೇ ನಿಂತಂತೆ. ಪ್ರತಿ ಸುತ್ತಿನಲ್ಲೂ ತಳ್ಳುವುದು ಒಂದೇ ಕಡೆಯಿಂದ. ಇದಕ್ಕೆ ಅನುರಣನ ಅಂತಾರೆ. ಲೆಕ್ಕ ತಪ್ಪಿದರೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳಿ ಎಲ್ಲ ಹೊಡೆದುಹೋಗುತ್ತದೆ.

ಆದರೆ ಇದೇ ಕೋರಸ್ ಎಲೆಕ್ಟ್ರಾನನ್ನು ಸಾಯಿಸುವುದೂ ಉಂಟು. ತಳ್ಳಿದಾಗ ಶಕ್ತಿ ಮಾತ್ರ ಅಲ್ಲ, ದಿಕ್ಕೂ ಬದಲಾಗುತ್ತದೆ. ಎಲೆಕ್ಟ್ರಾನಿನ ಓಟ ಕಾಂತರೇಖೆಯ ಉದ್ದಕ್ಕೇ ತೀರ ವಾಲಿಬಿಟ್ಟರೆ ಅದು ಸರಿಯಾದ ಎತ್ತರದಲ್ಲಿ ತಿರುಗದೆ ವಾತಾವರಣಕ್ಕೇ ಬಂದು ಬೀಳುತ್ತದೆ. ಹೊರಪಟ್ಟಿಯಲ್ಲಿ ಆ ಅಪಾಯದ ಕೋನ ಕೆಲವೇ ಡಿಗ್ರಿ, ಆದರೂ ಬೀಳುತ್ತವೆ. ಸ್ಯಾಂಪೆಕ್ಸ್ ಅನ್ನುವ ಉಪಗ್ರಹ ವರ್ಷಗಟ್ಟಲೆ ಇಂಥ ಉದುರುವಿಕೆ ದಾಖಲಿಸಿತು, ಒಂದೊಂದು ಚಿಮ್ಮು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟೇ. ಕೋರಸ್ಸಿನ ಒಂದೊಂದು ಕೂಗಿಗೂ ಒಂದೊಂದು ಹಿಡಿ ಎಲೆಕ್ಟ್ರಾನ್ ಉದುರಿದ ಹಾಗೆ.

ಮಿಕ್ಕ ಅಲೆಗಳನ್ನೂ ಹೇಳಿಬಿಡುತ್ತೇನೆ. ಭೂಮಿಗೆ ಹತ್ತಿರ, ತಣ್ಣನೆಯ ದಟ್ಟ ಪ್ಲಾಸ್ಮಾ ಇರುವ ಪ್ಲಾಸ್ಮಾಗೋಳದಲ್ಲಿ ಹಿಸ್ ಅಂತ ಒಂದು ಅಲೆ ಇದೆ. ಸ್ಟೇಷನ್ ಸಿಗದ ರೇಡಿಯೋ ಬುಸುಗುಟ್ಟಿದ ಹಾಗೆ ಅದರ ಸದ್ದು. ಅದಕ್ಕೆ ಅವಸರ ಇಲ್ಲ. ದಿನಗಟ್ಟಲೆ, ವಾರಗಟ್ಟಲೆ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ವಾತಾವರಣಕ್ಕೆ ದಬ್ಬುತ್ತದೆ. ಆಗಲೇ ಹೇಳಿದ ಖಾಲಿ ಓಣಿ ಮುಖ್ಯವಾಗಿ ಇದರದೇ ಕೆಲಸ. ಇನ್ನೊಂದು ಇಎಂಐಸಿ ಅಲೆ, ಸೆಕೆಂಡಿಗೆ ಕೆಲವೇ ಸಲ ಕಂಪಿಸುವ, ಅಯಾನುಗಳಿಂದ ಹುಟ್ಟುವ ಅಲೆ. ಇದು ತಿರುಗುವುದು ಎಲೆಕ್ಟ್ರಾನಿಗೆ ಉಲ್ಟಾ ದಿಕ್ಕಿನಲ್ಲಿ, ಹಾಗಾಗಿ ಇಬ್ಬರಿಗೂ ಸಂಬಂಧವೇ ಇರಬಾರದು. ಆದರೆ ತೀರಾ ವೇಗದ ಎಲೆಕ್ಟ್ರಾನ್ ಅಲೆಯನ್ನೇ ಹಿಂದೆ ಹಾಕಿ ಹೋಗುವಾಗ ಅದಕ್ಕೆ ಅಲೆ ತನ್ನ ದಿಕ್ಕಿನಲ್ಲೇ ತಿರುಗಿದಂತೆ ಕಾಣುತ್ತದೆ! ಅಲ್ಲಿಗೆ ಸಿಕ್ಕಿಬಿದ್ದಂತೆ. ಹತ್ತಾರು ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಸಾಹುಕಾರರನ್ನೇ ಆರಿಸಿ ಗಂಟೆಗಳಲ್ಲಿ ಗುಡಿಸಿಹಾಕುವುದು ಇದೇ. ಕೊನೆಯದು ಇಡೀ ಕಾಂತಗೋಳವೇ ತೂಗುವಂಥ ನಿಧಾನದ ಅಲೆ, ಒಂದು ಕಂಪನಕ್ಕೆ ಎರಡೂವರೆಯಿಂದ ಹತ್ತು ನಿಮಿಷ. ಎಲೆಕ್ಟ್ರಾನಿನ ಪ್ರದಕ್ಷಿಣೆಯ ಅಳತೆಗೆ ಹತ್ತಿರ ಅಲ್ವಾ? ಹಾಗಾಗಿ ಇದು ಎಲೆಕ್ಟ್ರಾನುಗಳನ್ನು ಒಳಕ್ಕೋ ಹೊರಕ್ಕೋ ಸರಿಸುತ್ತದೆ. ಒಳಕ್ಕೆ ಬಂದವು ಶಕ್ತಿ ಗಳಿಸುತ್ತವೆ, ಹೊರಕ್ಕೆ ಹೋದವು ಅಂಚಿನಲ್ಲಿ ಕಳೆದುಹೋಗುತ್ತವೆ.

ಬಿರುಗಾಳಿಯಲ್ಲಿ ಪ್ಲಾಸ್ಮಾಗೋಳ ಕುಗ್ಗುತ್ತದೆ. ಕುಗ್ಗಿದಷ್ಟೂ ಕೋರಸ್ಸಿಗೆ ಒಳಗೆ ಜಾಗ. 2003ರ ಅಕ್ಟೋಬರ್ ಕೊನೆಯ ಬಿರುಗಾಳಿಯಲ್ಲಿ ಅದು ಎಷ್ಟು ಕುಗ್ಗಿತೆಂದರೆ ಖಾಲಿ ಓಣಿಯೇ ಎಲೆಕ್ಟ್ರಾನುಗಳಿಂದ ತುಂಬಿಹೋಯಿತು. 2024ರ ಮೇ ಬಿರುಗಾಳಿಯ ನಂತರ ಸರ್ಬಿ ಅನ್ನುವ ಪುಟ್ಟ ಉಪಗ್ರಹ ಎರಡು ಪಟ್ಟಿಗಳ ನಡುವೆ ತಾತ್ಕಾಲಿಕವಾಗಿ ಹೊಸ ಪಟ್ಟಿಗಳನ್ನೇ ಕಂಡಿತು. ಅದರಲ್ಲಿ ಎಲೆಕ್ಟ್ರಾನಿನದು ಸುಮಾರು 3 ತಿಂಗಳು ಬಾಳಿತು.

ಪ್ರಶ್ನೆ: ಅಲೆಯೇ ವೇಗ ಕೊಟ್ಟಿದ್ದು ಅಂತ ಅಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ಹೊರಗಿಂದ ವೇಗವಾಗೇ ಬಂದವು ಯಾಕಾಗಿರಬಾರದು?

ಉತ್ತರ: ಒಳ್ಳೆಯ ತಕರಾರು. ಇದರ ಮೇಲೆ ವಿಜ್ಞಾನಿಗಳೇ ವರ್ಷಗಟ್ಟಲೆ ಜಗಳವಾಡಿದ್ದಾರೆ. ತೀರ್ಮಾನ ಮಾಡುವ ಉಪಾಯ ಸರಳ. ಹೊರಗಿಂದ ಹರಿದು ಬಂದಿದ್ದರೆ ಹೊರಗಡೆ ದಟ್ಟಣೆ ಜಾಸ್ತಿ, ಒಳಗೆ ಬಂದಂತೆ ಕಡಿಮೆ ಇರಬೇಕು. ಅಲ್ಲೇ ಹುಟ್ಟಿದ್ದರೆ ನಡುವೆ ಒಂದು ದಿಬ್ಬ ಎದ್ದು, ಎರಡೂ ಕಡೆ ಇಳಿಜಾರು ಇರಬೇಕು. (ಇಲ್ಲಿ ದಟ್ಟಣೆ ಅಂದರೆ ಬರೀ ತಲೆ ಎಣಿಕೆಯಲ್ಲ, ಕಾಂತಬಲದ ಏರಿಳಿತದ ಕಣ್ಕಟ್ಟನ್ನೆಲ್ಲ ಕಳೆದು ಮಾಡಿದ ಲೆಕ್ಕ.) ಇದನ್ನು ನೋಡಬೇಕಾದರೆ ಒಂದೇ ಉಪಗ್ರಹ ಸಾಲದು, ಒಂದು ಅತ್ತ ಹೋದಾಗ ಇತ್ತ ಏನಾಯಿತು ಗೊತ್ತಾಗುವುದಿಲ್ಲ. ನಾಸಾ 2012ರ ಆಗಸ್ಟ್ 30ರಂದು ಒಂದೇ ಥರದ ಎರಡು ಉಪಗ್ರಹ ಕಳಿಸಿತು, ವ್ಯಾನ್ ಅಲೆನ್ ಪ್ರೋಬ್ಸ್. ಬೇರೆಯವರು ವಿಕಿರಣ ಪಟ್ಟಿಯನ್ನು ಆದಷ್ಟು ಬೇಗ ದಾಟಿದರೆ ಸಾಕು ಅನ್ನುತ್ತಾರೆ, ಇವು ಅದರೊಳಗೇ 7 ವರ್ಷ ಸಂಸಾರ ಮಾಡಿದವು.

ಅದೃಷ್ಟಕ್ಕೆ 2012ರ ಅಕ್ಟೋಬರ್ 8-9ಕ್ಕೇ ಒಂದು ಬಿರುಗಾಳಿ ಸಿಕ್ಕಿತು. ಪಟ್ಟಿ ಮೊದಲು ಬರಿದಾಯಿತು, ಆಮೇಲೆ ಭೂಮಿಯ ಕೇಂದ್ರದಿಂದ 4 ಭೂತ್ರಿಜ್ಯದ ಆಸುಪಾಸಿನಲ್ಲಿ ದಿಬ್ಬ ಏಳುವುದು ಕಣ್ಣೆದುರೇ ಕಂಡಿತು. ಅದೇ ಹೊತ್ತಿಗೆ ಕೋರಸ್ ಜೋರಾಗಿತ್ತು. ಅಳೆದ ಕೋರಸ್ಸನ್ನು ಲೆಕ್ಕಕ್ಕೆ ಹಾಕಿ ರಿಚರ್ಡ್ ಥಾರ್ನ್ ಮತ್ತು ತಂಡ ಕಂಪ್ಯೂಟರಿನಲ್ಲಿ ಓಡಿಸಿದರೆ ಎಲೆಕ್ಟ್ರಾನುಗಳ ಏರಿಕೆ ಚೆನ್ನಾಗಿ ಹೊಂದಿಬಂತು. ಹಾಗಂತ ಎಲ್ಲ ಬಿರುಗಾಳಿಯಲ್ಲೂ ಕೋರಸ್ಸೇ ಎಲ್ಲ ಅಂತಲ್ಲ. ನಿಧಾನದ ಅಲೆಗಳೂ ಸೇರಿಕೊಳ್ಳುತ್ತವೆ, ಕೋರಸ್ ಎಬ್ಬಿಸಿದ ದಿಬ್ಬವನ್ನು ಎರಡೂ ಕಡೆ ಹರಡುವುದು ಅವೇ.

ಪ್ರಶ್ನೆ: ಇದರಿಂದ ಉಪಗ್ರಹಕ್ಕೆ ತೊಂದರೆ ಅಂತಾರೆ. ಒಂದು ಎಲೆಕ್ಟ್ರಾನ್ ಅಷ್ಟು ದೊಡ್ಡ ಯಂತ್ರವನ್ನು ಏನು ಮಾಡೀತು?

ಉತ್ತರ: ಒಂದೇ ಒಂದು ಏನೂ ಮಾಡದು. ಆದರೆ ಈ ವೇಗದವು ಉಪಗ್ರಹದ ಹೊರಕವಚ ತೂರಿ ಒಳಗೆ ಬರುತ್ತವೆ. ವೈರಿನ ಮೇಲಿನ ಪ್ಲಾಸ್ಟಿಕ್ಕಿನಲ್ಲಿ, ಸರ್ಕ್ಯೂಟ್ ಬೋರ್ಡಿನಲ್ಲಿ ಹೂತುಕೊಳ್ಳುತ್ತವೆ. ಅವು ವಿದ್ಯುತ್ ಹರಿಯದ ವಸ್ತುಗಳು, ಬಂದ ಎಲೆಕ್ಟ್ರಾನ್ ಬೇಗ ಹೊರಹೋಗುವುದಿಲ್ಲ. ದಿನದ ಮೇಲೆ ದಿನ ಸೇರುತ್ತಾ ಒಂದು ಹಂತದಲ್ಲಿ ಚಟ್ ಅಂತ ಒಳಗೇ ಪುಟ್ಟ ಸಿಡಿಲು. ಆ ಕಿಡಿ ಸರ್ಕ್ಯೂಟಿಗೆ ಹೊಕ್ಕರೆ ಮುಗಿಯಿತು.

1994ರ ಜನವರಿ 20ರಂದು ಕೆನಡಾದ ಸಂಪರ್ಕ ಉಪಗ್ರಹಗಳಾದ ಅನಿಕ್ ಇ1, ಇ2 ಎರಡೂ ಒಂದೇ ದಿನ ಸಮತೋಲ ತಪ್ಪಿ ತಿರುಗತೊಡಗಿದವು. ಅವುಗಳನ್ನು ನೆಟ್ಟಗೆ ನಿಲ್ಲಿಸುವ ಚಕ್ರದ ಸರ್ಕ್ಯೂಟ್ ಕೈಕೊಟ್ಟಿತ್ತು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಸರಿಹೋಯಿತು, ಎರಡನೆಯದನ್ನು ಹಿಡಿತಕ್ಕೆ ತರಲು ಸುಮಾರು 5 ತಿಂಗಳು ಹಿಡಿಯಿತು. ಗಮನಿಸಿ, ಅದೇನೂ ದಾಖಲೆ ಮುರಿಯುವ ಬಿರುಗಾಳಿಯಾಗಿರಲಿಲ್ಲ. ದಿನಗಟ್ಟಲೆ ಬಿಡದೆ ಬೀಸಿದ ವೇಗದ ಸೌರಗಾಳಿ. ಅಷ್ಟೂ ದಿನ ಕೋರಸ್ ಹಾಡುತ್ತಲೇ ಇದ್ದರೆ ಪಟ್ಟಿ ಉಕ್ಕುವವರೆಗೆ ತುಂಬುತ್ತದೆ. ಒಂದೇ ಏಟಿಗೆ ಅಬ್ಬರಿಸಿ ಹೋಗುವ ಬಿರುಗಾಳಿಗಿಂತ ಈ ಜಡಿಮಳೆಯಂಥದ್ದೇ ಎಷ್ಟೋ ಸಲ ಉಪಗ್ರಹದವರಿಗೆ ಹೆಚ್ಚು ತಲೆನೋವು.

ಪ್ರಶ್ನೆ: ಉದುರುವ ಎಲೆಕ್ಟ್ರಾನ್ ನಮ್ಮ ಮೇಲೂ ಬೀಳುತ್ತಾ?

ಉತ್ತರ: ಇಲ್ಲ, ಆರಾಮಾಗಿರಿ. ವೇಗದವು ಕೂಡ 50-60 ಕಿಲೋಮೀಟರ್ ಎತ್ತರದಲ್ಲೇ ಗಾಳಿಗೆ ಸಿಕ್ಕಿ ನಿಂತುಹೋಗುತ್ತವೆ. ಆ ಎತ್ತರದಲ್ಲಿ ಮಾತ್ರ ಅವು ಒಂದಿಷ್ಟು ಓಜೋನ್ ಕೆಡಿಸುತ್ತವೆ. ಕಡಿಮೆ ಶಕ್ತಿಯವು ಇನ್ನೂ ಮೇಲೆ, 100 ಕಿಲೋಮೀಟರ್ ಆಸುಪಾಸಿನಲ್ಲಿ ಬೆಳಕು ಹೊತ್ತಿಸುತ್ತವೆ. ಮಿಣುಕುತ್ತಾ ಆರುತ್ತಾ ಇರುವ ಒಂದು ಬಗೆಯ ಅರೋರಾ ಇದೆಯಲ್ಲ, ಅದು ಕೋರಸ್ಸಿನ ತಾಳಕ್ಕೇ ಮಿಣುಕುವುದು ಅಂತ ಜಪಾನಿನ ಅರಾಸೆ ಉಪಗ್ರಹದ ಅಳತೆಗಳು 2018ರಲ್ಲಿ ನೇರವಾಗಿ ತೋರಿಸಿದವು.

ಪ್ರಶ್ನೆ: ಇಷ್ಟು ವಿಕಿರಣ ಇದ್ದರೆ ಚಂದ್ರನಿಗೆ ಮನುಷ್ಯ ಹೋಗಿದ್ದು ಸುಳ್ಳು ತಾನೇ?

ಉತ್ತರ: ತಿಂಗಳಿಗೊಬ್ಬರಾದರೂ ಇದನ್ನು ಕೇಳುತ್ತಾರೆ. ಅಪೋಲೊ ನೌಕೆಗಳು ಪಟ್ಟಿಯ ದಟ್ಟ ಭಾಗವನ್ನು ಬದಿಯಿಂದ ಸವರಿಕೊಂಡು ಕೆಲವೇ ಗಂಟೆಗಳಲ್ಲಿ ದಾಟಿದವು. ಬಿಸಿ ಕೆಂಡದ ಮೇಲೆ ನಿಲ್ಲುವುದಕ್ಕೂ ಪಕ್ಕದಲ್ಲಿ ಓಡಿಹೋಗುವುದಕ್ಕೂ ವ್ಯತ್ಯಾಸ ಇದೆ. ಹೋಗಿದ್ದರು, ಬಂದರು.

ಪ್ರಶ್ನೆ: ಅಲೆಯಿಂದ ಎಲೆಕ್ಟ್ರಾನ್ ಉದುರಿಸಬಹುದಾದರೆ ನಾವೇ ಅಲೆ ಕಳಿಸಿ ಪಟ್ಟಿಯನ್ನು ಖಾಲಿ ಮಾಡಬಹುದಲ್ಲ?

ಉತ್ತರ: ತಮಾಷೆಯಲ್ಲ, ಇದನ್ನು ನಿಜಕ್ಕೂ ಯೋಚಿಸಿದ್ದಾರೆ. ಕಾರಣ 1962ರ ಜುಲೈ 9. ಅಮೆರಿಕ ಸ್ಟಾರ್‌ಫಿಶ್ ಪ್ರೈಮ್ ಅಂತ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಅಣುಬಾಂಬ್ ಸಿಡಿಸಿತು. ಅದರ ಎಲೆಕ್ಟ್ರಾನುಗಳು ಕಾಂತರೇಖೆಗೆ ಸಿಕ್ಕಿ ಹೊಸದೊಂದು ಪಟ್ಟಿಯೇ ಆಯಿತು, ವರ್ಷಗಟ್ಟಲೆ ಉಳಿಯಿತು, ಹಲವು ಉಪಗ್ರಹಗಳನ್ನು ತಿಂದಿತು. ಮರುದಿನವಷ್ಟೇ ಹಾರಿದ ಟೆಲ್‌ಸ್ಟಾರ್ 1 ಕೂಡ ಅದರ ಏಟು ತಿಂದು ಕೆಲವು ತಿಂಗಳಲ್ಲಿ ಬಾಯಿ ಮುಚ್ಚಿತು. ಮತ್ತೆ ಯಾರಾದರೂ ಹೀಗೆ ಮಾಡಿದರೆ ಗುಡಿಸುವುದು ಹೇಗೆ ಅನ್ನುವುದೇ ಚಿಂತೆ.

ಗೊತ್ತಿಲ್ಲದೇ ನಾವು ಸ್ವಲ್ಪ ಗುಡಿಸುತ್ತಲೂ ಇದ್ದೇವೆ. ನೀರಿನಾಳದ ಜಲಾಂತರ್ಗಾಮಿಗಳ ಜೊತೆ ಮಾತಾಡಲು ನೆಲದ ಮೇಲೆ ದೈತ್ಯ ಟ್ರಾನ್ಸ್‌ಮಿಟರುಗಳಿವೆ, ಸೆಕೆಂಡಿಗೆ 20 ಸಾವಿರದ ಆಸುಪಾಸಿನ ಕಂಪನದವು. ಅವುಗಳ ಅಲೆ ಮೇಲಕ್ಕೂ ಸೋರಿ ಒಳಭಾಗದ ಎಲೆಕ್ಟ್ರಾನುಗಳನ್ನು ಉದುರಿಸುವುದನ್ನು ಉಪಗ್ರಹಗಳು ಅಳೆದಿವೆ. ಬೇಕೆಂತಲೇ ಮಾಡಿ ನೋಡಲು ಅಮೆರಿಕದ ವಾಯುಪಡೆ 2019ರ ಜೂನಿನಲ್ಲಿ ಡಿಎಸ್‌ಎಕ್ಸ್ ಅನ್ನುವ ಉಪಗ್ರಹ ಹಾರಿಸಿತು. ತುದಿಯಿಂದ ತುದಿಗೆ 80 ಮೀಟರ್ ಉದ್ದದ ಆಂಟೆನಾ ಬಿಚ್ಚಿಕೊಂಡು ಪಟ್ಟಿಗಳ ನಡುವಿನ ಓಣಿಯಲ್ಲಿ ತಿರುಗುತ್ತಾ, ತಾನೇ ಅಲೆ ಎಬ್ಬಿಸಿ ಎಲೆಕ್ಟ್ರಾನುಗಳಿಗೆ ಏನಾಗುತ್ತದೆ ಅಂತ ನೋಡುವ ಕೆಲಸ. 2021ರಲ್ಲಿ ಅದರ ಕೆಲಸ ಮುಗಿಯಿತು. ಆದರೆ ಇಡೀ ಹೊರಪಟ್ಟಿಯನ್ನು ಹೀಗೆ ಖಾಲಿ ಮಾಡುವ ಆಸೆ ಇಟ್ಟುಕೊಳ್ಳಬೇಡಿ. ನಾವು ತಿಂಗಳುಗಟ್ಟಲೆ ಕಷ್ಟಪಟ್ಟು ಉದುರಿಸಿದ್ದನ್ನು ಒಂದು ವಾರ ಜೋರು ಸೌರಗಾಳಿ ಬೀಸಿದರೆ ಕೋರಸ್ ಮತ್ತೆ ತುಂಬಿಟ್ಟಿರುತ್ತದೆ.